ಆನ್‌ಲೈನ್ ವ್ಯವಹಾರದಿಂದ ಸಣ್ಣ ಉದ್ದಿಮೆಗೆ ಆಗುವ ಪರಿಣಾಮವೇನು?

ಆನ್‌ಲೈನಿಗೆ ಇಳಿದ ಸಣ್ಣ ಉದ್ದಿಮೆಯ ಮಾರುಕಟ್ಟೆ ಹಿಗ್ಗುತ್ತದೆ, ಆದರೆ ಲಾಭವೂ ಅಷ್ಟೇ ಹಿಗ್ಗುತ್ತದೆ ಎನ್ನುವಂತಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಅಂಗಡಿಯೊಂದನ್ನು ತೆಗೆದುಕೊಂಡರೆ, ಹಿಂದೆ ಸಗಟು ವ್ಯಾಪಾರಿಯ ಪಾಲಾಗುತ್ತಿದ್ದ ಹಣ ಈಗ ಮಾರಾಟ ತಾಣದ ಕಮಿಷನ್, ಕೊರಿಯರ್ ಮತ್ತು ವಾಪಸು ಬಂದ ಪೊಟ್ಟಣಗಳ ಖರ್ಚಿಗೆ ಹೋಗುತ್ತದೆ; ಚಿಕ್ಕ ಪಾರ್ಸೆಲ್ಲಿಗೂ ಕೊರಿಯರಿನ ಕನಿಷ್ಠ ದರ ಬೀಳುವುದರಿಂದ ಕಾಲು ಕಿಲೋ ಪುಡಿ ಕಳುಹಿಸುವುದು ಅಷ್ಟಾಗಿ ಗಿಟ್ಟುವುದಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಪ್ರಯೋಜನ ಬೇರೆಡೆ ಇದೆ. 2016ರಲ್ಲಿ ಬಂದ ಯುಪಿಐ ಪಾವತಿಗಳೂ ಜಿಎಸ್‌ಟಿ ವಿವರಗಳೂ ದಾಖಲೆಯಾಗಿ ಉಳಿಯುವುದರಿಂದ, ಅಡವಿಡಲು ಆಸ್ತಿಯಿಲ್ಲದವರ ಸಾಲದ ಅರ್ಜಿಯನ್ನೂ ಬ್ಯಾಂಕು ವಹಿವಾಟು ನೋಡಿ ಪರಿಶೀಲಿಸಬಹುದು. 2023ರ ಅಕ್ಟೋಬರ್ 1ರಿಂದ ಕಾಂಪೊಸಿಷನ್ ಪದ್ಧತಿಯ, ಅಂದರೆ ಸರಳೀಕೃತ ಕಡಿಮೆ ದರದ ಜಿಎಸ್‌ಟಿ ಕಟ್ಟುವ, ವ್ಯಾಪಾರಿಗಳೂ ಆನ್‌ಲೈನ್ ಮಾರಾಟ ತಾಣಗಳಲ್ಲಿ ಸರಕು ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ.