ತಂಗಳನ್ನಕ್ಕೆ ಒಗ್ಗರಣೆ ಹಾಕಿದವರು ಯಾರು?

ಶಿವಮೊಗ್ಗದ ಓದುಗರೇ,

ನಿಮ್ಮ ನಾಲ್ಕು ಪುಟದ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಸಿಟ್ಟಿನಲ್ಲಿ ಬರೆದರೂ ನಿಮ್ಮ ಅಕ್ಷರ ದುಂಡಗೇ ಇದೆ ಎಂದು ಆಫೀಸಿನಲ್ಲಿ ಎಲ್ಲರೂ ಮೆಚ್ಚಿಕೊಂಡರು.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ನಮ್ಮ ಸಂಗೀತ ಪುಟದಲ್ಲಿ ಬ್ರಿಟನ್ನಿನ ಗಾಯಕ ಎಲ್ಟನ್ ಜಾನ್ ಅವರ 'ಕೋಲ್ಡ್ ಹಾರ್ಟ್' ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬಂದಿತ್ತು. ಹಳೆಯ ಮೂರು ಹಾಡುಗಳನ್ನು ಜೋಡಿಸಿ ಡಿಜೆಗಳು ಮಾಡಿದ ಹೊಸ ಹಾಡು, ಕೇಳಲು ಚೆನ್ನಾಗಿದೆ ಎಂದು ಬರೆದಿದ್ದೆವು. ಶಿವಮೊಗ್ಗದ ಈ ಓದುಗರಿಗೆ ಅದು ಹಿಡಿಸಲಿಲ್ಲ. ಅವರು ಕಾಲೇಜು ದಿನಗಳಿಂದ ಎಲ್ಟನ್ ಅಭಿಮಾನಿ. ಅವರ ಮೂರು ದೂರುಗಳಿವು. ಒಂದು, ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಹೊಸ ತಿಂಡಿ ಎಂದು ಬಡಿಸಿದ ಹಾಗಿದೆ ಇದು. ಎರಡು, 'ವಯಸ್ಸಾದ ಗಾಯಕ ತನ್ನ ಸೋತ ದನಿಯನ್ನು ಯಂತ್ರದ ಹಿಂದೆ ಮುಚ್ಚಿಟ್ಟಿದ್ದಾನೆ.' ಮೂರು, 'ನನ್ನ ಮಗಳು ಇದೇ ಮೂಲ ಹಾಡು ಅಂದುಕೊಂಡಿದ್ದಾಳೆ. ಅವಳಿಗೆ ನಾನೇನು ಹೇಳಲಿ?' ಜೊತೆಗೆ, ಟಿಪ್ಪಣಿಯಲ್ಲಿ ಒಂದು ತಪ್ಪಿದೆ ಎಂದೂ ತೋರಿಸಿದ್ದಾರೆ. ಆ ತಪ್ಪಿನ ವಿಚಾರ ಕೊನೆಗೆ.

ಎರಡನೆಯ ದೂರಿನಿಂದ ಶುರು ಮಾಡುತ್ತೇನೆ. ಅಲ್ಲಿ ನೀವು ಎಡವಿದ್ದೀರಿ.

'ಕೋಲ್ಡ್ ಹಾರ್ಟ್' ಬಂದದ್ದು 2021ರ ಆಗಸ್ಟ್‌ನಲ್ಲಿ. ಆಗ ಎಲ್ಟನ್‌ಗೆ 74 ವರ್ಷ, ನಿಜ. ಆದರೆ ಹಾಡಿನಲ್ಲಿ ಕೇಳಿಸುವ ಅವರ ದನಿ 74 ವರ್ಷದ್ದಲ್ಲ. ಅದು ಹೆಚ್ಚೂಕಡಿಮೆ 1989ರ 'ಸ್ಯಾಕ್ರಿಫೈಸ್'ನ ದನಿ. ಆಗಷ್ಟೇ 40 ದಾಟಿದ ಮನುಷ್ಯನ ಕಂಠ. ಅದನ್ನು ಹಳೆಯ ರೆಕಾರ್ಡಿಂಗ್‌ನಿಂದ ಹಾಗೇ ಎತ್ತಿಕೊಂಡಿದ್ದಾರೆ. ಜೊತೆಗೆ ಹಾಡಿದ ಗಾಯಕಿ ದುವಾ ಲಿಪಾ ಎಲ್ಟನ್‌ಗಿಂತ 48 ವರ್ಷ ಚಿಕ್ಕವರು. 1972ರ 'ರಾಕೆಟ್ ಮ್ಯಾನ್' ಪಲ್ಲವಿಯನ್ನು ಹೊಸದಾಗಿ ಹಾಡಿದ್ದು ಅವರು.

ಎಲ್ಟನ್‌ಗೆ ಎರಡು ಕಂಠ ಅನ್ನುವುದು ನಿಮ್ಮಂಥ ಹಳೇ ಅಭಿಮಾನಿಗೆ ಗೊತ್ತೇ ಇರುತ್ತದೆ. 1987ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೆ ಮೊದಲು ಅವರು ಸಲೀಸಾಗಿ ಮೇಲಕ್ಕೆ, ಹುಡುಗಿಯರ ದನಿಯ ಎತ್ತರಕ್ಕೆ ಹೋಗಿಬಿಡುತ್ತಿದ್ದರು. ಆಮೇಲೆ ದನಿ ಕೆಳಗಿಳಿಯಿತು, ದಪ್ಪವಾಯಿತು. 'ಸ್ಯಾಕ್ರಿಫೈಸ್' ಎರಡನೆಯ ಕಂಠದ ಹಾಡು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಇನ್ನು ತಂಗಳನ್ನದ ಮಾತು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ನೌ ಎಂಬ ಆಸ್ಟ್ರೇಲಿಯಾದ ಎಲೆಕ್ಟ್ರಾನಿಕ್ ತಂಡ 2007ರಲ್ಲಿ ಒಂದು ಆಲ್ಬಂ ಮಾಡಿತು. ಆ ದೇಶಕ್ಕೆ ಕಛೇರಿಗೆ ಹೋಗಿದ್ದ ಎಲ್ಟನ್ ಅದನ್ನು ಕೇಳಿದರು, ಹುಚ್ಚು ಹತ್ತಿಸಿಕೊಂಡರು. ನಿಕ್ ಲಿಟಲ್‌ಮೋರ್, ಪೀಟರ್ ಮೇಯ್ಸ್ ಎಂಬ ಆ ಹುಡುಗರನ್ನು ಹುಡುಕಿ ಮಾತಾಡಿಸಿದರು, ತಮ್ಮ ಮ್ಯಾನೇಜ್‌ಮೆಂಟ್ ಕಂಪನಿಗೆ ಸೇರಿಸಿಕೊಂಡರು. ಆಮೇಲೆ ತಮ್ಮ 70ರ ದಶಕದ ಮಾಸ್ಟರ್ ಟೇಪುಗಳನ್ನು ಅವರ ಕೈಗೆ ಕೊಟ್ಟು, ಏನು ಬೇಕಾದರೂ ಮಾಡಿ ಎಂದರು. ಮನೆಯ ಬೀಗದ ಕೈ ಕೊಟ್ಟ ಹಾಗೆ.

ಮಾಸ್ಟರ್ ಟೇಪು ಅಂದರೆ ನಾವು ನೀವು ಕೊಂಡ ಕ್ಯಾಸೆಟ್ ಅಲ್ಲ. ಅದರಲ್ಲಿ ಡ್ರಮ್ ಒಂದು ಗೆರೆ, ಬೇಸ್ ಒಂದು ಗೆರೆ, ಪಿಯಾನೋ ಒಂದು, ದನಿ ಒಂದು, ಹೀಗೆ ಎಲ್ಲವೂ ಬೇರೆ ಬೇರೆಯಾಗಿ ಇರುತ್ತವೆ. ನಾವು 'ಹಾಡು' ಅನ್ನುವುದು ಈ ಗೆರೆಗಳನ್ನು ಒಬ್ಬ ಎಂಜಿನಿಯರ್ ಒಂದು ದಿನ ಒಂದು ಹದಕ್ಕೆ ಬೆರೆಸಿದ್ದು. ಡ್ರಮ್ ಸ್ವಲ್ಪ ಜಾಸ್ತಿ, ಗಿಟಾರ್ ಸ್ವಲ್ಪ ಕಮ್ಮಿ. ಬೇರೆ ದಿನ ಬೆರೆಸಿದ್ದರೆ ಬೇರೆ ಹಾಡೇ ಆಗುತ್ತಿತ್ತು. ಇದು ತಿಳಿದ ಮೇಲೆ ಮೂಲ ಹಾಡು ಅನ್ನುವ ಮಾತು ನನ್ನ ಬಾಯಲ್ಲಿ ಸ್ವಲ್ಪ ತೊದಲುತ್ತದೆ. ಶಿಶುನಾಳ ಶರೀಫರ ತತ್ವಪದಕ್ಕೆ ಮೂಲ ರೆಕಾರ್ಡಿಂಗ್ ಎಂಬುದೇ ಇಲ್ಲ. ಭಜನಾ ಮೇಳದವರೂ ಹಾಡಿದರು, ಅಶ್ವಥ್ ಹಾಡಿದರು, ಆಮೇಲೆ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದರು. ಯಾರೂ ಕೋರ್ಟಿಗೆ ಹೋಗಲಿಲ್ಲ. ರಾಕ್ ಹಾಡಿಗೆ ಟೇಪು ಇದೆ, ಹಾಗಾಗಿ ಟೇಪೇ ಹಾಡು ಅಂದುಕೊಂಡಿದ್ದೇವೆ.

ಹಾಗಂತ ಈ ಕೆಲಸ ಸುಲಭವಲ್ಲ. 70ರ ದಶಕದ ಹಾಡಿನಲ್ಲಿ ಡ್ರಮ್ ಬಾರಿಸಿದ್ದು ಮನುಷ್ಯ. ಪಲ್ಲವಿ ಬಂದಾಗ ಅವನಿಗೂ ಹುರುಪು ಬರುತ್ತದೆ, ತಾಳ ಒಂದು ಕೂದಲೆಳೆ ಮುಂದಕ್ಕೆ ಓಡುತ್ತದೆ. ಡ್ಯಾನ್ಸ್ ಹಾಡಿನ ತಾಳ ಗಡಿಯಾರದ ಹಾಗೆ, ಕದಲುವುದಿಲ್ಲ. ಹಳೆಯ ದನಿಯನ್ನು ಅದರ ಮೇಲೆ ಕೂರಿಸಲು ಮಾತು ಮಾತನ್ನೂ ಕತ್ತರಿಸಬೇಕು. ಒಂದನ್ನು ಹಿಂದಕ್ಕೆ ತಳ್ಳಬೇಕು, ಇನ್ನೊಂದನ್ನು ಎಳೆಯಬೇಕು. ಎರಡು ಹಾಡುಗಳ ಶ್ರುತಿ ಬೇರೆಯಿದ್ದರೆ ಒಂದನ್ನು ಏರಿಸಬೇಕು. ತೀರಾ ಏರಿಸಿದರೆ ಜೋರಾಗಿ ಓಡುವ ಟೇಪ್ ರೆಕಾರ್ಡರ್‌ನಲ್ಲಿ ಗಾಯಕ ಇಲಿಮರಿಯಾಗುತ್ತಿದ್ದನಲ್ಲ, ಹಾಗಾಗುತ್ತದೆ. ಇದಲ್ಲದೆ ದನಿಯ ಮೈಕಿಗೆ ಒಮ್ಮೊಮ್ಮೆ ಪಕ್ಕದ ವಾದ್ಯದ ಸದ್ದೂ ಸೋರಿರುತ್ತದೆ. ಅದನ್ನು ಬಿಡಿಸುವುದೆಂದರೆ ಅಕ್ಕಿಯಿಂದ ಕಲ್ಲು ಆರಿಸುವ ಕೆಲಸ.

ಪ್ನೌ ಹುಡುಗರು ಇದನ್ನೆಲ್ಲ ಮಾಡಿ 2012ರಲ್ಲಿ 'ಗುಡ್ ಮಾರ್ನಿಂಗ್ ಟು ದ ನೈಟ್' ಎಂಬ ಆಲ್ಬಂ ತಂದರು. ಎಂಟೇ ಹಾಡು, ಅರ್ಧ ಗಂಟೆಗೂ ಕಡಿಮೆ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. ಎಲ್ಟನ್‌ಗೆ ಅಲ್ಲಿ ಅದು 22 ವರ್ಷಗಳ ಮೇಲೆ ಸಿಕ್ಕ ನಂಬರ್ ಒನ್ ಆಲ್ಬಂ. ನಿಮ್ಮ ಕಾಗದದಲ್ಲಿ ಇದರ ಹೆಸರೇ ಇಲ್ಲ. ನೀವು ಇದನ್ನು ಕೇಳಿಲ್ಲ ಅನ್ನುವುದು ನನ್ನ ಅನುಮಾನ.

ಕೇಳಿ. ಇದರಲ್ಲಿ ಯಾವ ಹಿಟ್ ಹಾಡನ್ನೂ ಇಡಿಯಾಗಿ ಎತ್ತಿಲ್ಲ. ಒಂದು ಹಾಡಿನ ಸಾಲು, ಇನ್ನೊಂದರ ಪಿಯಾನೋ ತುಣುಕು, ಮತ್ತೊಂದರ ಹಿಮ್ಮೇಳ. ಒಂದೊಂದು ಹಾಡಿನೊಳಗೆ ಹಲವು ಹಳೆಯ ಹಾಡುಗಳ ಚೂರುಗಳಿವೆ. ಅಜ್ಜಿಯ ಹಳೇ ಸೀರೆಗಳಿಂದ ಕೌದಿ ಹೊಲಿದ ಹಾಗೆ. ಆಲ್ಬಂನ ಹೆಸರೂ ಹಾಗೇ ಹುಟ್ಟಿದ್ದು: 1972ರ 'ಮೋನಾ ಲಿಸಾಸ್ ಅಂಡ್ ಮ್ಯಾಡ್ ಹ್ಯಾಟರ್ಸ್' ಹಾಡಿನ ಒಂದು ಸಾಲಿನ ತುದಿ ಅದು. ಇಲ್ಲಿ ಕೇಳಿಸುವುದು ಮೊದಲನೆಯ ಕಂಠ, ಶಸ್ತ್ರಚಿಕಿತ್ಸೆಗೆ ಮುಂಚಿನದು. ಈಗ ಎಲ್ಟನ್ ಕೂಡ ಹಾಡಲಾಗದ ಸ್ವರಗಳು. ಆ ದನಿ ವಾದ್ಯಗಳ ಗದ್ದಲದಿಂದ ಬಿಡಿಸಿಕೊಂಡು ಒಂಟಿಯಾಗಿ ನಿಂತಾಗ, 'ಅರೆ, ಇಷ್ಟು ವರ್ಷ ನಾನು ಇದನ್ನು ಸರಿಯಾಗಿ ಕೇಳಿಯೇ ಇರಲಿಲ್ಲವಲ್ಲ' ಅನಿಸಿತು.

ಹಾಗಾದರೆ 'ಕೋಲ್ಡ್ ಹಾರ್ಟ್'? ಇಲ್ಲಿ ನಾನು ಅರ್ಧ ನಿಮ್ಮ ಕಡೆ. ತಂಡ ಅದೇ ಪ್ನೌ, ಕೈಚಳಕವೂ ಅದೇ. ಆದರೆ ಈ ಸಲ ಎಲ್ಲರಿಗೂ ಬಾಯಿಪಾಠ ಇರುವ ಪಲ್ಲವಿಗಳನ್ನೇ ಆರಿಸಿದ್ದಾರೆ. 'ಸ್ಯಾಕ್ರಿಫೈಸ್' ಮುರಿಯುತ್ತಿರುವ ಮದುವೆಯ ಹಾಡು. 'ರಾಕೆಟ್ ಮ್ಯಾನ್' ಹೆಂಡತಿ ಮಕ್ಕಳನ್ನು ಬಿಟ್ಟು ಬಾಹ್ಯಾಕಾಶಕ್ಕೆ ಡ್ಯೂಟಿಗೆ ಹೋಗುವವನ ಹಾಡು. ಮನೆಯವರು ಅಂದುಕೊಂಡ ಮನುಷ್ಯ ನಾನಲ್ಲ ಅನ್ನುತ್ತಾನೆ ಅವನು. ಇದನ್ನು ಎಲ್ಟನ್ ಹಾಡುಗಳ ಸಾಹಿತಿ ಬರ್ನಿ ಟಾಪಿನ್ ಬರೆದಾಗ ಅವರಿಗೆ 22 ಕೂಡ ತುಂಬಿರಲಿಲ್ಲ. ಈ ಎರಡು ದುಃಖಗಳನ್ನು ಒಂದೇ ನಯವಾದ ತಾಳದ ಮೇಲೆ ಕೂರಿಸಿದಾಗ ಎರಡರ ಭಾರವೂ ಇಳಿದುಹೋಗಿದೆ. ಕಾಲು ಕುಣಿಯುತ್ತದೆ, ಎದೆಗೆ ಏನೂ ಆಗುವುದಿಲ್ಲ. ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು, ಅವರಿಗೆ ಅಲ್ಲಿ 16 ವರ್ಷದ ಮೇಲೆ ಬಂದ ಗೆಲುವು ಅದು. ಗೆದ್ದದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಟಿಪ್ಪಣಿ ಹೊಗಳಿದ್ದು ಒಂದು ಚಮಚ ಜಾಸ್ತಿಯಾಯಿತು, ಅಷ್ಟೆ.

ಆದರೆ ತಂಗಳನ್ನ ಅಂದಿರಲ್ಲ, ಅಡುಗೆ ಗೊತ್ತಿದ್ದವರನ್ನು ಕೇಳಿ. ಬಿಸಿ ಅನ್ನದಲ್ಲಿ ಚಿತ್ರಾನ್ನ ಮಾಡಿದರೆ ಮುದ್ದೆಯಾಗುತ್ತದೆ. ಆರಿದ ಅನ್ನವೇ ಬೇಕು. ಒಗ್ಗರಣೆ ಹಾಕುವವರಿಗೆ ಹದ ಗೊತ್ತಿರಬೇಕು, ಆ ಅನ್ನ ಯಾರದು ಅನ್ನುವುದೂ ಗೊತ್ತಿರಬೇಕು.

ಈ 'ಯಾರದು' ಅನ್ನುವುದೇ ನನಗೆ ದೊಡ್ಡ ಪ್ರಶ್ನೆ. 1990ರಲ್ಲಿ ಇಂಗ್ಲೆಂಡಿನ ಡಿಎನ್‌ಎ ಎಂಬ ಇಬ್ಬರು ಹುಡುಗರು ಅಮೆರಿಕದ ಗಾಯಕಿ ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್' ಹಾಡನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಕೆಳಗೆ ತಾಳ ಹಾಕಿದರು. ಮೂಲದಲ್ಲಿ ವಾದ್ಯವೇ ಇಲ್ಲ, ಬರೀ ದನಿ. ಹಾಗಾಗಿ ಕದಿಯುವುದು ಸಲೀಸು. ವೇಗಾ ಅವರ ರೆಕಾರ್ಡ್ ಕಂಪನಿ ಕೇಸು ಹಾಕಬಹುದಿತ್ತು. ಹಾಕಲಿಲ್ಲ, ಕೊಂಡುಕೊಂಡು ಬಿಡುಗಡೆ ಮಾಡಿತು. ವೇಗಾ ಅವರಿಗೂ ಹಿಡಿಸಿತು. ಕಳ್ಳತನ ಮದುವೆಯಲ್ಲಿ ಮುಗಿದ ಹಾಗೆ.

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ ವಿಷಯದಲ್ಲಿ ಹಿಡಿಸಿತೋ ಇಲ್ಲವೋ ಎಂದು ಹೇಳಲು ಗಾಯಕರೇ ಇರಲಿಲ್ಲ. ಅವರು ತೀರಿಕೊಂಡದ್ದು 1977ರಲ್ಲಿ. 2002ರಲ್ಲಿ ನೆದರ್‌ಲೆಂಡ್ಸ್‌ನ ಜಂಕೀ ಎಕ್ಸ್‌ಎಲ್ ಎಂಬವರು ಅವರ 1968ರ 'ಎ ಲಿಟಲ್ ಲೆಸ್ ಕಾನ್ವರ್ಸೇಶನ್' ಹಾಡನ್ನು ಫುಟ್‌ಬಾಲ್ ವಿಶ್ವಕಪ್ ಸಮಯದ ಒಂದು ಜಾಹೀರಾತಿಗಾಗಿ ತಿದ್ದಿದರು. ಎಲ್ವಿಸ್ ಎಸ್ಟೇಟ್, ಅಂದರೆ ಅವರ ಆಸ್ತಿ ಹಕ್ಕು ನೋಡಿಕೊಳ್ಳುವ ಸಂಸ್ಥೆ, ಒಪ್ಪಿತು. ಆದರೆ ಹೆಸರಿನಲ್ಲಿ 'ಜಂಕೀ', ಅಂದರೆ ಮಾದಕವಸ್ತುವಿನ ದಾಸ, ಎಂದಿರುವುದು ಅವರಿಗೆ ಮುಜುಗರ. ಹಾಗಾಗಿ ರೆಕಾರ್ಡಿನ ಮೇಲೆ ಬರೀ 'ಜೆಎಕ್ಸ್‌ಎಲ್' ಎಂದು ಬಂತು. ಹಾಡು ಎಲ್ವಿಸ್‌ಗೆ ಬ್ರಿಟನ್ನಿನಲ್ಲಿ 18ನೆಯ ನಂಬರ್ ಒನ್ ತಂದಿತು, 17ರಲ್ಲಿ ಸಮನಾಗಿದ್ದ ಬೀಟಲ್ಸ್ ಹಿಂದೆ ಬಿದ್ದರು. ಹಾಡೇನೋ ಜೋರಾಗಿದೆ. ಆದರೂ ಕೇಳುವಾಗ ನನಗೆ ಸ್ವಲ್ಪ ಇರುಸುಮುರುಸು. ಎಲ್ವಿಸ್ ಇದ್ದಿದ್ದರೆ 'ಹೂಂ' ಅನ್ನುತ್ತಿದ್ದರೋ 'ಉಹೂಂ' ಅನ್ನುತ್ತಿದ್ದರೋ?

ಎಲ್ಟನ್ ಬದುಕಿದ್ದಾಗಲೇ, ತಾವೇ ಕರೆದು ಕೊಟ್ಟರು. ಅದು ಮುಖ್ಯ. ಪ್ರೈಮಲ್ ಸ್ಕ್ರೀಮ್ ಎಂಬ ರಾಕ್ ತಂಡದವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. 1989ರ ತಮ್ಮ ಒಂದು ನಿಧಾನದ ಹಾಡನ್ನು ಆಂಡ್ರ್ಯೂ ವೆದರಾಲ್ ಎಂಬ ಡಿಜೆಗೆ ಕೊಟ್ಟರು. ಅವರು ಭಯಭಕ್ತಿಯಿಂದ ಕೆಳಗೊಂದು ಡ್ರಮ್ ಮಾತ್ರ ಸೇರಿಸಿ ತಂದರು. ಗಿಟಾರ್ ನುಡಿಸುವ ಆಂಡ್ರ್ಯೂ ಇನ್ಸ್, ಇದು ಸಾಲದು, ಹಾಡನ್ನು ಪುಡಿಪುಡಿ ಮಾಡು ಎಂದು ವಾಪಸ್ ಕಳಿಸಿದರು. ಮಾಡಿದರು ನೋಡಿ! ಗಾಯಕ ಬಾಬಿ ಗಿಲೆಸ್ಪಿಯ ದನಿಯನ್ನೇ ಬಹುಪಾಲು ಕಿತ್ತುಹಾಕಿದರು. ಅದೇ 1990ರ 'ಲೋಡೆಡ್'. ಅದರಿಂದಲೇ ತಂಡದ ದಾರಿ ಬದಲಾಯಿತು, 'ಸ್ಕ್ರೀಮಡೆಲಿಕಾ' ಆಲ್ಬಂ ಬಂತು, ಬ್ರಿಟನ್ನಿನ ಮೊಟ್ಟಮೊದಲ ಮರ್ಕ್ಯುರಿ ಸಂಗೀತ ಪ್ರಶಸ್ತಿ ಅದಕ್ಕೇ ಸಿಕ್ಕಿತು. ತನ್ನ ದನಿಯನ್ನೇ ತೆಗೆದುಹಾಕಿದರೂ ಸುಮ್ಮನಿದ್ದ ಗಾಯಕನ ಬಗ್ಗೆ ನನಗೆ ವಿಪರೀತ ಗೌರವ. ನಾನಾದರೆ ನನ್ನ ಒಂದು ಪ್ಯಾರಾ ತೆಗೆದರೂ ಎರಡು ದಿನ ಮುಖ ಊದಿಸಿಕೊಳ್ಳುತ್ತೇನೆ. ಉಪಸಂಪಾದಕರನ್ನು ಕೇಳಿ ನೋಡಿ.

ಇನ್ನು ಮಗಳ ವಿಚಾರ. ಅವಳು ತಪ್ಪು ತಿಳಿದಿದ್ದಾಳೆ ಎಂದು ಪಾಠ ಮಾಡಲು ಹೋಗಬೇಡಿ, ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ನಾನು ಹುಡುಗನಾಗಿದ್ದಾಗ 'ರಾಕೆಟ್ ಮ್ಯಾನ್' ಕೇಳಿದ್ದು ಅಣ್ಣ ಯಾರಿಂದಲೋ ಕಾಪಿ ಮಾಡಿಸಿ ತಂದ ಕ್ಯಾಸೆಟ್‌ನಲ್ಲಿ. ಮೊದಲ ಸಾಲು ಅರ್ಧ ಕತ್ತರಿಸಿಹೋಗಿತ್ತು. ಆ ಹಾಡು ಹಾಗೇ ನಡುವಿನಿಂದ ಶುರುವಾಗುತ್ತದೆ ಎಂದೇ ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಪೂರ್ತಿ ಕೇಳಿದಾಗ ಮೊದಲ ಸಾಲು ಅನಗತ್ಯ ಅನ್ನಿಸಿತ್ತು! ನಿಮ್ಮ ಮಗಳದೂ ಹಾಗೇ ಒಂದು ಅರ್ಧ ಕ್ಯಾಸೆಟ್. 1972ರ 'ಹಾಂಕಿ ಶಾಟೋ' ಆಲ್ಬಂ ಹಾಕಿ ನೀವು ಬೇರೆ ಕೋಣೆಗೆ ಹೋಗಿಬಿಡಿ. 'ರಾಕೆಟ್ ಮ್ಯಾನ್', 'ಮೋನಾ ಲಿಸಾಸ್' ಎರಡೂ ಅದರಲ್ಲೇ ಇವೆ. ಪ್ರಶ್ನೆ ಕೇಳುವುದಾದರೆ ಅವಳೇ ಬಂದು ಕೇಳುತ್ತಾಳೆ.

ಈಗ ತಪ್ಪಿನ ವಿಚಾರ. 'ಕೋಲ್ಡ್ ಹಾರ್ಟ್'ನಲ್ಲಿ ಮೂರು ಹಳೆಯ ಹಾಡುಗಳಿವೆ ಎಂದು ನಾವು ಅಚ್ಚು ಹಾಕಿದೆವು. ಮೂರಲ್ಲ, ಎರಡೇ ಎಂದು ನೀವು ಕೆಂಪು ಶಾಯಿಯಲ್ಲಿ ಬರೆದಿರಿ. ಮತ್ತೆ ಕೂತು ಕೇಳಿದೆ. 'ಸ್ಯಾಕ್ರಿಫೈಸ್', 'ರಾಕೆಟ್ ಮ್ಯಾನ್', 1983ರ 'ಕಿಸ್ ದ ಬ್ರೈಡ್', ಜೊತೆಗೆ 1976ರ 'ವೇರ್ಸ್ ದ ಶೂರಾ'. ನಾಲ್ಕು! ನಮ್ಮ ತಪ್ಪನ್ನು ಈ ಸಂಚಿಕೆಯಲ್ಲೇ ತಿದ್ದಿದ್ದೇವೆ. ನಿಮ್ಮದನ್ನು ನೀವು ತಿದ್ದಿಕೊಳ್ಳಿ.

ಇತಿ ನಿಮ್ಮ,
ಸಂಪಾದಕ