ಅಣ್ಣನ ಕ್ಲೌಡ್ ಎದುರು ಸೋಲುತ್ತಿರುವವರಿಗೆ

ದಿನಕ್ಕೊಂದು ಕ್ಯಾರೆಕ್ಟರ್ ಬದಲಿಸಿದರೂ ಅಣ್ಣ ಆಡುವ ಕ್ಲೌಡ್ (ಫೈನಲ್ ಫ್ಯಾಂಟಸಿಯ ಕತ್ತಿವೀರ) ಎದುರು ಒಂದು ಆಟವೂ ಗೆಲ್ಲೋಕೆ ಆಗುತ್ತಿಲ್ಲ, ನಿಂಟೆಂಡೊದ ಹೊಡೆದಾಟದ ಆಟ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್‌ನಲ್ಲಿ ಯಾರನ್ನು ಹಿಡಿಯಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಕೆಲವರು ಟಿಯರ್ ಲಿಸ್ಟ್ (ಯಾವ ಕ್ಯಾರೆಕ್ಟರ್ ಎಷ್ಟು ಬಲಶಾಲಿ ಅನ್ನೋ ಪಟ್ಟಿ) ಹಾಕಿದ್ದಾರೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅದು ಟೂರ್ನಮೆಂಟ್ ಆಡುವವರ ಲೆಕ್ಕ. ಮೈನ್‌ಕ್ರಾಫ್ಟ್‌ನ ಸ್ಟೀವ್ ಅದರಲ್ಲಿ ಮೇಲಿದ್ದಾನೆ ಅಂತ ನೀವು ಅವನನ್ನು ಹಿಡಿದರೆ, ನೆಲ ಅಗೆದು ಕಬ್ಬಿಣ, ಚಿನ್ನ ಕೂಡಿಸಿ, ಟೇಬಲ್ ಹತ್ತಿರ ಹೋಗಿ ಹೊಸ ಕತ್ತಿ ಮಾಡಿಕೊಳ್ಳೋಷ್ಟರಲ್ಲಿ ನಿಮ್ಮಣ್ಣ ಒಂದು ಸ್ಟಾಕ್ (ಜೀವ) ತೆಗೆದಿರುತ್ತಾರೆ.

ಈ ಆಟದ ಮಜಾನೇ ಅದು. ಬೇರೆ ಬೇರೆ ಆಟಗಳಿಂದ ಬಂದವರು ತಮ್ಮ ಆಟದ ನಿಯಮವನ್ನೂ ಜೊತೆಗೇ ತಂದಿದ್ದಾರೆ. ಸ್ಟ್ರೀಟ್ ಫೈಟರ್‌ನ ರ್ಯೂಗೆ ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಬಟನ್ ಒತ್ತಿದರೆ ಹಡೊಕೆನ್ ಇನ್ನೂ ಜೋರಾಗಿ ಬರುತ್ತದೆ. ಡ್ರ್ಯಾಗನ್ ಕ್ವೆಸ್ಟ್‌ನ ಹೀರೋಗೆ ಮಂತ್ರಗಳ ಮೆನು ತೆರೆದುಕೊಳ್ಳುತ್ತದೆ, ಅದರಲ್ಲಿ ಈ ಸಲ ಯಾವ ನಾಲ್ಕು ಬರುತ್ತವೆ ಅಂತ ಹೇಳೋಕೆ ಆಗಲ್ಲ. ಪೋಕೆಮಾನ್‌ನ ಪಿಚು ತನ್ನ ಕರೆಂಟಿಗೆ ತಾನೇ ಪೆಟ್ಟು ತಿನ್ನುತ್ತದೆ, ಪಾಪ. 2021ರ ಅಕ್ಟೋಬರ್‌ನಲ್ಲಿ ಕಿಂಗ್‌ಡಮ್ ಹಾರ್ಟ್ಸ್‌ನ ಸೋರಾ ಸೇರಿದ ಮೇಲೆ ಒಟ್ಟು 89 ಫೈಟರ್‌ಗಳು. ದಿನಕ್ಕೊಬ್ಬರಂತೆ ಬದಲಿಸಿದರೆ ಯಾರೂ ಕೈಗೆ ಹತ್ತಲ್ಲ. 1999ರ ಮೊದಲ ಆಟದಲ್ಲಿ ಇದ್ದದ್ದು 12 ಜನ, ಅಲ್ಟಿಮೇಟ್ ಶುರುವಿನಲ್ಲೇ ಕೊಡುವ 8 ಜನವೂ ಆ ಹಳೇ ಬಳಗದವರೇ. ಅವರಲ್ಲೇ ಒಬ್ಬರನ್ನು ಹಿಡಿದು ಸ್ವಲ್ಪ ದಿನ ಬಿಡಬೇಡಿ. ನನ್ನ ಮಾತು ಕೇಳಿದರೆ ಮಾರಿಯೋ.

ಈಗ ಮುಖ್ಯ ವಿಷಯ. ಈ ಆಟದಲ್ಲಿ ಲೈಫ್ ಬಾರ್ ಇಲ್ಲ, ಅಲ್ವಾ? ತಿಂದ ಪೆಟ್ಟಿನ ಲೆಕ್ಕ ತೋರಿಸೋ ಪರ್ಸೆಂಟ್ ಏರಿದಷ್ಟೂ ಹೊಡೆತಕ್ಕೆ ದೂರ ಹಾರುತ್ತೀರಿ ಅಷ್ಟೇ. ಸ್ಟಾಕ್ ಹೋಗೋದು ಸ್ಕ್ರೀನಿನ ಆಚೆ ಬಿದ್ದಾಗ. ಹಾಗಾಗಿ ಹೊಸಬರು ಜಾಸ್ತಿ ಸಾಯೋದು ವಾಪಸ್ ಬರೋ ದಾರಿಯಲ್ಲಿ. ಹಾರಿ ಹೋದ ತಕ್ಷಣ ಗಾಬರಿಯಲ್ಲಿ ಎರಡನೇ ಜಂಪ್ ಒತ್ತಿಬಿಡುತ್ತಾರೆ, ಅದರ ಹಿಂದೆಯೇ ಮೇಲಿನ ಸ್ಪೆಷಲ್ (ಸ್ಟಿಕ್ ಮೇಲಕ್ಕೆ ಹಿಡಿದು ಸ್ಪೆಷಲ್ ಬಟನ್) ಕೂಡ ಒತ್ತುತ್ತಾರೆ, ಆಮೇಲೆ ಕೈಯಲ್ಲಿ ಏನೂ ಇರಲ್ಲ, ಸುಮ್ನೆ ಬೀಳೋದನ್ನು ನೋಡುತ್ತಾ ಕೂರಬೇಕು. ಮೊದಲು ಸ್ಟಿಕ್ಕನ್ನು ಸ್ಟೇಜಿನ ಕಡೆ ಹಿಡಿದು ತೇಲಿ ಬನ್ನಿ. ಎರಡನೇ ಜಂಪ್ ಆದಷ್ಟು ತಡವಾಗಿ. ಮೇಲಿನ ಸ್ಪೆಷಲ್ ಕೊನೆಗೆ. ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಕಂಟ್ರೋಲ್ ತೆರೆದು, ಸ್ಟಿಕ್ ಮೇಲೆ ತಳ್ಳಿದರೆ ಜಂಪ್ ಆಗೋದನ್ನು ಆಫ್ ಮಾಡಿ. ಮೇಲಿನ ಸ್ಪೆಷಲ್ ಒತ್ತೋಕೆ ಹೋಗಿ ಗೊತ್ತಿಲ್ಲದೆ ಜಂಪ್ ಖರ್ಚಾಗೋದು ಅಲ್ಲಿಂದಲೇ.

ಲೆಡ್ಜ್ (ಸ್ಟೇಜಿನ ಅಂಚು) ಹಿಡಿದ ಮೇಲೂ ಒಂದೇ ರೀತಿ ಏಳಬೇಡಿ. ಸುಮ್ಮನೆ ಹತ್ತಬಹುದು, ಉರುಳಿ ಒಳಗೆ ಹೋಗಬಹುದು, ಜಂಪ್ ಮಾಡಬಹುದು, ಹೊಡೆಯುತ್ತಾ ಏಳಬಹುದು. ಪ್ರತಿ ಸಲ ಉರುಳಿದರೆ ಅಣ್ಣ ಅಲ್ಲೇ ಸ್ಮ್ಯಾಶ್ ಅಟ್ಯಾಕ್ (ಜೋರಾದ ದೊಡ್ಡ ಏಟು) ಚಾರ್ಜ್ ಮಾಡಿಕೊಂಡು ಕಾಯುತ್ತಿರುತ್ತಾರೆ. ಲೆಡ್ಜ್ ಬಿಟ್ಟು ಮತ್ತೆ ಹಿಡಿದು ಟೈಮ್ ತಳ್ಳೋ ಐಡಿಯಾನೂ ಬೇಡ, ನೆಲಕ್ಕೆ ಕಾಲಿಡದೆ ಎರಡನೇ ಸಲ ಹಿಡಿದರೆ ಮೊದಲ ಸಲ ಸಿಗೋ, ಕೆಲ ಕ್ಷಣ ಪೆಟ್ಟು ತಗುಲದ ರಕ್ಷಣೆ ಸಿಗಲ್ಲ.

ಕ್ಲೌಡ್ ವಿಷಯಕ್ಕೆ ಬರೋಣ. ಅವನ ಕತ್ತಿ ಉದ್ದ, ಆದ್ದರಿಂದ ಎದುರಿಗೆ ಜಂಪ್ ಮಾಡಿಕೊಂಡು ಹೋದರೆ ಪೆಟ್ಟು ಗ್ಯಾರಂಟಿ. ಓಡಿ ಹೋಗಿ ಶೀಲ್ಡ್ ಹಿಡಿಯಿರಿ, ಹತ್ತಿರ ಬಂದು ಕತ್ತಿ ಬೀಸಿದರೆ ಗ್ರ್ಯಾಬ್ ಮಾಡಿ. ಶೀಲ್ಡ್ ಹೊಡೆತವನ್ನು ತಡೆಯುತ್ತದೆ, ಗ್ರ್ಯಾಬ್ ಶೀಲ್ಡನ್ನು ಸೋಲಿಸುತ್ತದೆ, ಗ್ರ್ಯಾಬಿಗೆ ಕೈ ಚಾಚಿದವನನ್ನು ಹೊಡೆತ ಸೋಲಿಸುತ್ತದೆ. ನಿಮ್ಮಿಬ್ಬರ ಆಟ ಪೂರ್ತಿ ಈ ಮೂರರ ಸುತ್ತಲೇ ತಿರುಗುತ್ತದೆ.

ಕ್ಲೌಡ್‌ನ ಲಿಮಿಟ್ ಗೇಜ್ (ಅದು ತುಂಬಿದರೆ ಅವನ ಸ್ಪೆಷಲ್ ಬಲವಾಗುತ್ತದೆ) ಮೇಲೆ ಕಣ್ಣಿಡಿ. ದೂರ ನಿಂತು ಚಾರ್ಜ್ ಮಾಡೋಕೆ ಬಿಡಬೇಡಿ, ಫೈರ್‌ಬಾಲ್ ಎಸೆದು ಕಾಡಿ. ಗೇಜ್ ತುಂಬಿದರೆ ಅದು 15 ಸೆಕೆಂಡ್ ಮಾತ್ರ ಇರುತ್ತದೆ, ಬಳಸದಿದ್ದರೆ ತಾನಾಗಿಯೇ ಹೋಗುತ್ತದೆ. ಆ 15 ಸೆಕೆಂಡ್ ವೀರಾವೇಶ ತೋರಿಸಬೇಡಿ, ದೂರ ಇರಿ. ಆಗ ಅವನ ಕೆಳಗಿನ ಸ್ಪೆಷಲ್ ತಗುಲಿದರೆ ಡ್ಯಾಮೇಜ್ 1 ಪರ್ಸೆಂಟ್, ನೀವು ಮಾತ್ರ ಸ್ಕ್ರೀನಿನಾಚೆ. ಲಿಮಿಟ್ ಇಲ್ಲದಾಗ ಕಥೆ ಪೂರ್ತಿ ಉಲ್ಟಾ. ಆಗ ಮೇಲಿನ ಸ್ಪೆಷಲ್‌ನಲ್ಲಿ ಅವನು ಜಾಸ್ತಿ ಎತ್ತರ ಬರಲಾರ. ಸ್ಟೇಜಿನಿಂದ ಕೆಳಗೆ ಹೋದ ಕ್ಲೌಡ್ ಎರಡನೇ ಜಂಪ್ ಮುಗಿಸಿದ್ದಾನೆ ಅಂತ ಕಂಡರೆ ಮಾರಿಯೋನ ನೀರಿನ ಪಂಪ್ ತೆಗೆಯಿರಿ. ಮೊದಲೇ ಚಾರ್ಜ್ ಮಾಡಿ ಇಟ್ಟುಕೊಂಡಿರಬೇಕು. ಅಂಚಿನಲ್ಲಿ ನಿಂತು ಅವನ ಮುಖಕ್ಕೆ ನೀರು ಬಿಟ್ಟರೆ ಒಂದು ಪರ್ಸೆಂಟೂ ಏರಲ್ಲ, ಆದರೆ ಅವನು ಅಷ್ಟು ಹಿಂದೆ ಸರಿದು, ಚಾಚಿದ ಕೈಗೆ ಲೆಡ್ಜ್ ಸಿಗದೆ ಕೆಳಗೆ ಹೋಗುತ್ತಾನೆ. ಅಣ್ಣ ಬೈಯುತ್ತಾರೆ, ಬೈಯಲಿ ಬಿಡಿ.

ಸ್ಮ್ಯಾಶ್ ಅಟ್ಯಾಕ್ ಕಡಿಮೆ ಮಾಡಿ. ತಪ್ಪಿದರೆ ತುಂಬಾ ಹೊತ್ತು ಸಿಕ್ಕಿಹಾಕಿಕೊಳ್ಳುತ್ತೀರಿ, ಅದೇ ಏಟನ್ನು ಪದೇ ಪದೇ ಹೊಡೆದರೆ ಅದರ ಬಲವೂ ಇಳಿಯುತ್ತದೆ. ಎಕ್ಸ್ ಮತ್ತು ವೈ ಎರಡನ್ನೂ ಒಟ್ಟಿಗೆ ಒತ್ತಿದರೆ ಚಿಕ್ಕ ಜಂಪ್ ಬರುತ್ತದೆ, ಅದರಲ್ಲಿ ಗಾಳಿಯಲ್ಲಿದ್ದಾಗ ಕೊಡೋ ಹೊಡೆತಗಳನ್ನು ಟ್ರೇನಿಂಗ್ ಮೋಡ್‌ನಲ್ಲಿ ಕೈಗೆ ಹತ್ತಿಸಿಕೊಳ್ಳಿ. ಪೆಟ್ಟು ತಿಂದು ಹಾರುವಾಗಲೂ ಸ್ಟಿಕ್ ಬಿಡಬೇಡಿ. ನೇರ ಮೇಲಕ್ಕೆ ಹಾರಿದರೆ ಪಕ್ಕಕ್ಕೆ, ಪಕ್ಕಕ್ಕೆ ಹಾರಿದರೆ ಮೇಲಕ್ಕೆ ಸ್ಟೇಜಿನ ಕಡೆ ಓರೆಯಾಗಿ ಹಿಡಿಯಿರಿ. ಹಾರುವ ಕೋನ ಸ್ವಲ್ಪ ತಿರುಗುತ್ತದೆ, ಎಷ್ಟೋ ಸಲ ಜೀವ ಉಳಿಯೋದು ಅಷ್ಟರಿಂದಲೇ.

ಕಲಿಯುವಾಗ ಐಟಂ ಆಫ್ ಮಾಡಿ, ಸ್ಟೇಜ್ ಹಜಾರ್ಡ್ (ಸ್ಟೇಜೇ ಒಡ್ಡುವ ಅಡ್ಡಿಗಳು) ಕೂಡ. 3 ಸ್ಟಾಕ್, 7 ನಿಮಿಷ ಸಾಕು. ಮುಂದಿನ ಸಲ ಸೋತಾಗ ರೀಪ್ಲೇ ಸೇವ್ ಮಾಡಿ, ಮೂರೂ ಸ್ಟಾಕ್ ಎಲ್ಲೆಲ್ಲಿ ಹೋಯಿತು, ಆಗ ನಿಮ್ಮ ಹತ್ತಿರ ಜಂಪ್ ಉಳಿದಿತ್ತಾ ಅಂತ ನೋಡಿ ಇಲ್ಲೇ ಬರೆಯಿರಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.