‘ಹಾತಿ’ ಅಂದರೆ ತಪ್ಪಾ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ತಾಂಡಾ. ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ‘ಹುಡುಗಿ ಮಂದ. ಮನೆಯಲ್ಲಿ ಲಂಬಾಣಿ ಮಾತಾಡೋದು ಬಿಡಿ, ಇಲ್ಲಾಂದ್ರೆ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸ್ತೀವಿ’ ಎಂದು ಟೀಚರ್ ಹೇಳಿದ್ದಾರೆ. ನಾನು ಏಳನೇ ಕ್ಲಾಸು ಓದಿದವಳು, ನನ್ನ ಕನ್ನಡವೂ ಅಷ್ಟಕ್ಕಷ್ಟೇ. ಏನು ಮಾಡಲಿ?
– ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ ತಂಗಿ. ನಾನೂ ಸರ್ಕಾರಿ ಶಾಲೆಯ ಟೀಚರ್ ಆಗಿದ್ದವಳು. ಹೊಸದರಲ್ಲಿ ಚನ್ನಗಿರಿ ಕಡೆಯ ತಾಂಡಾ ಶಾಲೆಗೆ ಹಾಕಿದ್ದರು. ಒಂದು ದಿನ ಆನೆಯ ಚಿತ್ರ ತೋರಿಸಿ ‘ಇದೇನು?’ ಎಂದೆ. ಮುಂದಿನ ಸಾಲಿನ ಹುಡುಗ ಖುಷಿಯಿಂದ ಎದ್ದು ‘ಹಾತಿ’ ಎಂದ. ‘ತಪ್ಪು, ಕೂತ್ಕೋ’ ಎಂದೆ. ಆಮೇಲೆ ಆ ವರ್ಷ ಅವನು ಬಾಯಿಯೇ ಬಿಡಲಿಲ್ಲ. ನಾನೂ ಅವನನ್ನು ಮಂದ ಎಂದೇ ತಿಳಿದೆ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ‘ಆ’ ಪಕ್ಕ ಆನೆ ಯಾಕಿರುತ್ತದೆ? ಚಿತ್ರ ನೋಡಿದ ಕೂಡಲೇ ಬಾಯಿಗೆ ‘ಆ’ ಬರಲಿ ಅಂತ ಅಲ್ವಾ? ಲಂಬಾಣಿ ಮಗುವಿನ ಬಾಯಿಗೆ ‘ಹಾ’ ಬರುತ್ತದೆ. ಅಮ್ಮನ ಚಿತ್ರಕ್ಕೆ ‘ಯಾಡಿ’ ಬರುತ್ತದೆ. ಉಳಿದ ಮಕ್ಕಳು ಬರೀ ಅಕ್ಷರ ಕಲಿತರೆ ಸಾಕು. ನಿಮ್ಮ ಮಗಳು ಅಷ್ಟೇ ಹೊತ್ತಿನಲ್ಲಿ ಅಕ್ಷರವನ್ನೂ ಭಾಷೆಯನ್ನೂ ಕಲಿಯಬೇಕು. ಪರೀಕ್ಷೆಗೆ ಮಾತ್ರ ಎಲ್ಲರಿಗೂ ಒಂದೇ ಪೇಪರು.

ಮನೆಯಲ್ಲಿ ಲಂಬಾಣಿ ಬಿಡಲೇಬೇಡಿ. ಬಾರದ ಕನ್ನಡದಲ್ಲಿ ನೀವು ‘ಬಾ, ಉಣ್ಣು, ಮಲಕ್ಕೋ’ ಅಷ್ಟೇ ಹೇಳುತ್ತೀರಿ. ಲಂಬಾಣಿಯಲ್ಲಾದರೆ ಸೂರಗೊಂಡನಕೊಪ್ಪದ ಜಾತ್ರೆಯ ಕತೆ, ಅಜ್ಜಿ ಫೇಟಿಯಾ ಲಂಗಕ್ಕೆ ಕನ್ನಡಿ ಹೊಲಿದ ಕತೆ ಎಲ್ಲ ಬರುತ್ತದೆ. ಮಗುವಿನ ತಲೆ ಬೆಳೆಯುವುದು ಆ ಮಾತಿನಲ್ಲೇ.

ಇನ್ನು ಅದೇ ಕ್ಲಾಸಲ್ಲಿ ಕೂರಿಸುವ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲೂ ಆ ಅವಕಾಶ ಇರುವುದು 5 ಮತ್ತು 8ನೇ ಕ್ಲಾಸಿಗೆ ಮಾತ್ರ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯಂತೂ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಮಾತಿನಲ್ಲೇ ಕಲಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ. ನಮ್ಮಲ್ಲಿ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಲಂಬಾಣಿಗೆ ಇಲ್ಲ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದಾರೆ! ಹಾಗಂತ ಹಿಂದಿಯಲ್ಲಿ ಪಾಠ ಮಾಡಿದರೆ ನಿಮ್ಮ ಮಗಳಿಗೆ ಅರ್ಥವಾಗುತ್ತದೆಯೇ?

ಟೀಚರ್ ಜೊತೆ ಜಗಳಕ್ಕೆ ಮಾತ್ರ ಹೋಗಬೇಡಿ. ನಲಿಕಲಿ ಕೋಣೆಯಲ್ಲಿ ಮೂರು ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಸಂಭಾಳಿಸುವ ಕಷ್ಟ ನನಗೆ ಗೊತ್ತು. ‘ಒಂದು ಲೆಕ್ಕ ಲಂಬಾಣಿಯಲ್ಲಿ ಕೇಳಿ ನೋಡೋಣ ಮೇಡಂ’ ಎನ್ನಿ. ನಿಮ್ಮ ತಾಂಡಾದ ಆರನೇ ಕ್ಲಾಸಿನ ಹುಡುಗಿಯಿಂದ ಕೇಳಿಸಿ. ಉತ್ತರ ಬಂದರೆ ಟೀಚರಿಗೇ ಗೊತ್ತಾಗುತ್ತದೆ. ಹಾಗೇ ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ತಾಂಡಾದವರು ಯಾರಾದರೂ ಇದ್ದಾರಾ ವಿಚಾರಿಸಿ. ಕಾಯ್ದೆ ಪ್ರಕಾರ ಅರ್ಧದಷ್ಟು ಹೆಂಗಸರು ಇರಬೇಕು. ಯಾರೂ ಇಲ್ಲದಿದ್ದರೆ ನೀವೇ ಸೇರಿ, ನಿಮ್ಮ ಏಳನೇ ಕ್ಲಾಸು ಧಾರಾಳ ಸಾಕು.

ಇನ್ನೊಂದು ಕೆಲಸ ಇವತ್ತು ರಾತ್ರಿಯೇ ಆಗುತ್ತದೆ. ಲಂಬಾಣಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯಬಹುದು. ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ‘ಹಾ’ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಅವಳ ಕೈಯಲ್ಲೇ ಒಂದು ಆನೆ ಬರೆಸಿ.